ಅಕಾಂಡ್ರೋಪ್ಲೇಷಿಯಾ ಇರುವ ಪುಟ್ಟ ಮಗುವನ್ನು ತಪಾಸಣೆಗೆ ದೂರದ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಹೇಗೆ?

ಮೊದಲಸಲ_ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಅಕಾಂಡ್ರೋಪ್ಲೇಷಿಯಾ ಇದೆ, ಅಂದರೆ ಮೂಳೆ ಉದ್ದ ಬೆಳೆಯದೆ ಕೈಕಾಲು ಗಿಡ್ಡ ಇರುವ, ಹುಟ್ಟಿನಿಂದಲೇ ಬರುವ ಸ್ಥಿತಿ. ಸದ್ಯದಲ್ಲೇ ಎರಡು ವರ್ಷ ತುಂಬುತ್ತದೆ. ನಮ್ಮ ಎರಡೂ ಮನೆಗಳಲ್ಲಿ ಯಾರಿಗೂ ಇದು ಇಲ್ಲ. ಮಕ್ಕಳ ಡಾಕ್ಟರು ಒಳ್ಳೆಯವರು, ಆದರೆ ಇಂಥ ಮಕ್ಕಳನ್ನೇ ನೋಡುವ ದೊಡ್ಡ ಆಸ್ಪತ್ರೆಗೆ ಒಮ್ಮೆ ಹೋಗಿ ಬನ್ನಿ ಎಂದು ಪತ್ರ ಬರೆದುಕೊಟ್ಟಿದ್ದಾರೆ. ಅಲ್ಲಿ ಜೆನೆಟಿಕ್ಸ್, ಮೂಳೆ, ನರ, ಕಿವಿ-ಮೂಗು-ಗಂಟಲು, ನಿದ್ರೆ ಎಲ್ಲದಕ್ಕೂ ಬೇರೆ ಬೇರೆ ಡಾಕ್ಟರು. ಊರಿನಿಂದ ಬಹಳ ದೂರ. ಕಾರಿನಲ್ಲಾದರೆ ಇಡೀ ದಿನ, ವಿಮಾನದಲ್ಲಾದರೆ ಕೆಲವು ಗಂಟೆ.

ಅವಳು ಇನ್ನೂ ನಡೆಯುತ್ತಿಲ್ಲ. ಕೂತರೆ ಬೆನ್ನು ಗೂನಾಗುತ್ತದೆ. ರಾತ್ರಿ ಗೊರಕೆ ಜೋರು. ಕಿವಿಯಲ್ಲಿ ಆಗಾಗ ನೀರು ತುಂಬುತ್ತದೆ. ಇಷ್ಟೆಲ್ಲ ಇರುವಾಗ ಅಷ್ಟು ಹೊತ್ತು ಹೇಗೆ ಕೂರಿಸುವುದು? ಕಾರಾ, ವಿಮಾನವಾ? ಎಂಆರ್‌ಐ, ನಿದ್ರೆಯ ಪರೀಕ್ಷೆ ಎಲ್ಲ ಒಂದೇ ಸಲ ಮಾಡಿಸಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ. ಸಣ್ಣ ವಿಷಯವಾದರೂ ಪರವಾಗಿಲ್ಲ.

ಗುಬ್ಬಚ್ಚಿ_ಅಪ್ಪ:

ಮನೆಯಲ್ಲಿ ಯಾರಿಗೂ ಇಲ್ಲ ಅಂದಿರಲ್ಲ, ಅದನ್ನು ಮೊದಲು ಮನಸ್ಸಿನಿಂದ ತೆಗೆದುಬಿಡಿ. ಅಕಾಂಡ್ರೋಪ್ಲೇಷಿಯಾ ಇರುವ ಮಕ್ಕಳಲ್ಲಿ ಸುಮಾರು 80% ಮಕ್ಕಳ ಅಪ್ಪ-ಅಮ್ಮ ಸಾಮಾನ್ಯ ಎತ್ತರದವರೇ. ಎಫ್‌ಜಿಎಫ್‌ಆರ್3 ಎಂಬ ಜೀನ್‌ನಲ್ಲಿ ಹೊಸದಾಗಿ ಆಗುವ ಬದಲಾವಣೆ ಅದು. ಗರ್ಭಿಣಿಯಾಗಿದ್ದಾಗ ನೀವು ತಿಂದದ್ದರಿಂದಲೋ ಮಾಡಿದ್ದರಿಂದಲೋ ಬಂದದ್ದಲ್ಲ.

ಈಗ ಪ್ರಯಾಣದ ಮಾತು. ನನ್ನ ಮಗ ಈಗ ಶಾಲೆಗೆ ಹೋಗುತ್ತಾನೆ. ಅವನು ಕೈಗೂಸಾಗಿದ್ದಾಗಿನಿಂದ ನಾವು ಹೀಗೆ ಓಡಾಡಿದ್ದೇವೆ. ನಾನು ಹೇಳುವುದು ಒಂದೇ: ಯಾವ ದಿನ ಡಾಕ್ಟರು ಸಿಗುತ್ತಾರೆ ಎನ್ನುವುದಕ್ಕಿಂತ, ಯಾವುದಾದ ಮೇಲೆ ಯಾವುದು ಎನ್ನುವುದನ್ನು ಗಟ್ಟಿಮಾಡಿಕೊಳ್ಳಿ. ಟಿಕೆಟ್ ಆಮೇಲೆ.

ನಿದ್ರೆಯ ಪರೀಕ್ಷೆ ಮೊದಲು ಆಗಲಿ. ನಮ್ಮ ಮಕ್ಕಳಿಗೆ ಮೂಗು-ಗಂಟಲಿನ ದಾರಿ ಕಿರಿದು, ಅದರಿಂದ ಉಸಿರು ಕಟ್ಟಬಹುದು. ತಲೆಬುರುಡೆಯ ತಳದಲ್ಲಿ ಮೆದುಳಬಳ್ಳಿ ಹೊರಬರುವ ರಂಧ್ರವಿದೆಯಲ್ಲ, ಫೊರಾಮೆನ್ ಮ್ಯಾಗ್ನಮ್ ಅಂತಾರೆ, ಅದು ಚಿಕ್ಕದಾಗಿ ನರ ಒತ್ತಿಕೊಂಡರೂ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರಬಹುದು. ಎರಡರಲ್ಲಿ ಯಾವುದು ಎಂದು ನಿದ್ರೆಯ ಪರೀಕ್ಷೆ ಸುಳಿವು ಕೊಡುತ್ತದೆ. ಎಂಆರ್‌ಐ ಆ ರಂಧ್ರವನ್ನೇ ತೋರಿಸುತ್ತದೆ. ಎರಡು ವರ್ಷದ ಮಗು ಎಂಆರ್‌ಐ ಒಳಗೆ ಅಲುಗಾಡದೆ ಮಲಗುವುದು ಕಷ್ಟ, ಹಾಗಾಗಿ ಸಾಮಾನ್ಯವಾಗಿ ಅರಿವಳಿಕೆ ಕೊಡುತ್ತಾರೆ. ಅರಿವಳಿಕೆ ಕೊಡುವ ಡಾಕ್ಟರ ಕೈಯಲ್ಲಿ ನಿದ್ರೆಯ ವರದಿ ಮೊದಲೇ ಇದ್ದರೆ ಅವರು ಅದಕ್ಕೆ ತಕ್ಕ ಹಾಗೆ ತಯಾರಾಗುತ್ತಾರೆ. ನರದ ಡಾಕ್ಟರ ಭೇಟಿ ಎಂಆರ್‌ಐ ಆದ ಮೇಲೇ ಇರಲಿ. ವರದಿ ಇಲ್ಲದೆ ಅವರ ಎದುರು ಕೂತರೆ ಇನ್ನೊಮ್ಮೆ ಬನ್ನಿ ಅಂತಾರೆ, ಅಷ್ಟು ದೂರ ಮತ್ತೆ ಹೋಗಬೇಕು.

ಇನ್ನೊಂದು ಮುಖ್ಯ ವಿಷಯ. ಪ್ರಯಾಣ ಮಾಡಿದ ದಿನವೇ ರಾತ್ರಿ ನಿದ್ರೆಯ ಪರೀಕ್ಷೆ ಇಟ್ಟುಕೊಳ್ಳಬೇಡಿ. ಮಗು ದಾರಿಯುದ್ದಕ್ಕೂ ಮಲಗಿರುತ್ತದೆ. ರಾತ್ರಿ ಹೊಸ ಕೋಣೆ, ತಲೆಗೆ ವಯರ್, ಮೂಗಿಗೆ ಕೊಳವೆ. ಎಲ್ಲಿಂದ ನಿದ್ದೆ ಬರಬೇಕು? ನಡುವೆ ಒಂದು ರಾತ್ರಿ ಬಿಡಿ. ಎಂಆರ್‌ಐ ಆದ ಮಾರನೆಯ ದಿನವೂ ಖಾಲಿ ಇರಲಿ. ಅರಿವಳಿಕೆಯಾದ ದಿನ ಮಗುವಿಗೆ ಮಂಪರು, ಕಿರಿಕಿರಿ, ಕೆಲವೊಮ್ಮೆ ವಾಂತಿ.

ಎಂಆರ್‌ಐಗೆ ಬೆಳಗಿನ ಮೊದಲ ಸಮಯ ಕೇಳಿ. ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯ ನಿಯಮ ಅಂದರೆ ಗಟ್ಟಿ ಆಹಾರಕ್ಕೂ ಡಬ್ಬಿ ಹಾಲಿಗೂ 6 ಗಂಟೆ, ತಾಯಿಹಾಲಿಗೆ 4 ಗಂಟೆ, ತಿಳಿ ದ್ರವಕ್ಕೆ 2 ಗಂಟೆ. ನಿಮ್ಮ ಆಸ್ಪತ್ರೆ ಹೇಳಿದ್ದನ್ನೇ ಪಾಲಿಸಿ. ಮಧ್ಯಾಹ್ನದ ಸಮಯ ಸಿಕ್ಕರೆ ಹಸಿದ ಮಗುವನ್ನು ಹಿಡಿದುಕೊಂಡು ಬೆಳಗಿನಿಂದ ಕಾಯಬೇಕಾಗುತ್ತದೆ. ಒಂದು ಆಸ್ಪತ್ರೆಯಲ್ಲಿ ನಮ್ಮ ಸರದಿಯನ್ನು ಹೇಳದೆ ಕೇಳದೆ ಸಂಜೆಗೆ ತಳ್ಳಿದ್ದರು. ದೂರದಿಂದ ಬಂದಿದ್ದೇವೆ, ಪುಟ್ಟ ಮಗು, ಉಸಿರಿನ ತೊಂದರೆ ಇದೆ ಎಂದು ಪತ್ರದಲ್ಲೇ ಬರೆಸಿಕೊಂಡು ಹೋಗಿ. ಬಾಯಲ್ಲಿ ಹೇಳಿದರೆ ಕೌಂಟರಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಫಿಸಿಯೋ_ಅಕ್ಕ:

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಬೆನ್ನಿನ ಬಗ್ಗೆ ಮಾತ್ರ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಈ ಮಕ್ಕಳಿಗೆ ತಲೆ ದೊಡ್ಡದು, ಸ್ನಾಯು ಸಡಿಲ, ಕೀಲು ಸಡಿಲ. ಆಸರೆ ಇಲ್ಲದೆ ಕೂರಿಸಿದರೆ ತಲೆಯ ಭಾರಕ್ಕೆ ನಡುಬೆನ್ನು ಮುಂದಕ್ಕೆ ಬಾಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ನಡೆಯಲು ಶುರು ಮಾಡಿದ ಮೇಲೆ ಈ ಗೂನು ತಾನಾಗಿ ಕಡಿಮೆಯಾಗುತ್ತದೆ. ಆದರೆ ಅಲ್ಲಿಯವರೆಗೆ ಬಾಗಿದ ಭಂಗಿಯಲ್ಲಿ ಗಂಟೆಗಟ್ಟಲೆ ಕೂರಿಸಿದರೆ ಬೆನ್ನುಮೂಳೆಯ ಆಕಾರವೇ ಬದಲಾಗಿ ಕೆಲವರಲ್ಲಿ ಹಾಗೇ ಉಳಿದುಬಿಡುತ್ತದೆ. ಹಾಗಾಗಿ ಪ್ರಯಾಣದ ಅವಧಿಗಿಂತ ಆ ಅವಧಿಯಲ್ಲಿ ಮಗು ಹೇಗೆ ಕೂತಿತ್ತು ಎನ್ನುವುದೇ ಮುಖ್ಯ.

ಕೊಡೆಯ ಹಾಗೆ ಮಡಚುವ ಬಟ್ಟೆ ಸೀಟಿನ ಸ್ಟ್ರಾಲರ್ ಬೇಡವೇ ಬೇಡ. ಪ್ರಯಾಣಕ್ಕೆ ಹಗುರ ಅಂತ ಎಲ್ಲರೂ ಅದನ್ನೇ ತರುತ್ತಾರೆ. ಅದರಲ್ಲಿ ಮಗು ಜೋಳಿಗೆಯಲ್ಲಿಟ್ಟ ಹಾಗೆ ಮುದುಡಿಕೊಳ್ಳುತ್ತದೆ. ಬೆನ್ನಿನ ಕಡೆ ಗಟ್ಟಿ ಹಲಗೆ ಇರುವ, ಹಿಂದಕ್ಕೆ ಒರಗಿಸಬಹುದಾದ ಸ್ಟ್ರಾಲರ್ ನೋಡಿ. ಎದೆಗೆ ಕಟ್ಟಿಕೊಳ್ಳುವ ಬಟ್ಟೆ ಕ್ಯಾರಿಯರ್‌ನಲ್ಲೂ ಬೆನ್ನು ದುಂಡಗಾಗುತ್ತದೆ. ಎತ್ತಿಕೊಳ್ಳುವಾಗ ಒಂದು ಕೈ ಕೆಳಗಿರಲಿ, ಇನ್ನೊಂದು ಕೈ ಬೆನ್ನಿಗೆ ಚಪ್ಪಟೆಯಾಗಿ ಇರಲಿ.

ಕಾರಿನಲ್ಲಿ ಗಟ್ಟಿ ಬೆನ್ನಿನ ಮಕ್ಕಳ ಸೀಟು, ಹಿಂದಕ್ಕೆ ಮುಖ ಮಾಡಿ. ಎರಡು ವರ್ಷ ಆಯಿತು, ಇನ್ನು ಮುಂದಕ್ಕೆ ತಿರುಗಿಸಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೀಟು ಮಾಡಿದವರು ಬರೆದಿರುವ ತೂಕ, ಎತ್ತರದ ಮಿತಿ ಮುಟ್ಟುವ ತನಕ ಹಿಂದಕ್ಕೇ ಇರಲಿ. ನಮ್ಮ ಮಕ್ಕಳು ಆ ಮಿತಿಯನ್ನು ಬೇರೆಯವರಿಗಿಂತ ತಡವಾಗಿ ಮುಟ್ಟುತ್ತಾರೆ, ಅದು ಒಳ್ಳೆಯದೇ. ಜೋರಾಗಿ ಬ್ರೇಕ್ ಹಾಕಿದಾಗ ದೊಡ್ಡ ತಲೆ ಮುಂದಕ್ಕೆ ಜಗ್ಗಿದರೆ ಕತ್ತಿಗೆ ಬೀಳುವ ಪೆಟ್ಟು ಜಾಸ್ತಿ. ಹಿಂದಕ್ಕೆ ಮುಖ ಇದ್ದಾಗ ತಲೆ, ಕತ್ತು, ಬೆನ್ನು ಮೂರನ್ನೂ ಸೀಟೇ ಹಿಡಿದುಕೊಳ್ಳುತ್ತದೆ. ಸೀಟಿನ ಜೊತೆ ಬರದ ದಿಂಬು, ತಲೆಪಟ್ಟಿ ಸೇರಿಸಬೇಡಿ. ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗುತ್ತಿದ್ದರೆ ಸೀಟಿನ ಓರೆ ಸರಿ ಮಾಡಿಸಿ. ಹಾಗೆ ಬಗ್ಗಿದರೆ ಉಸಿರಿಗೇ ತೊಂದರೆ.

ದಾರಿಯಲ್ಲಿ ಸುಮಾರು ಎರಡು ಗಂಟೆಗೊಮ್ಮೆ ನಿಲ್ಲಿಸಿ. ತೊಡೆಯ ಮೇಲೆ ಕೂರಿಸುವ ಬದಲು ಚಾಪೆ ಹಾಸಿ ಬೋರಲು ಮಲಗಿಸಿ, ಆಡಲು ಬಿಡಿ. ಎಚ್ಚರವಾಗಿರುವಾಗ ಮಾತ್ರ, ನೀವು ಪಕ್ಕದಲ್ಲೇ ಇರಿ.

ನಡೆಯುತ್ತಿಲ್ಲ ಎಂಬ ಚಿಂತೆ ಈಗಲೇ ಬೇಡ. ಅಕಾಂಡ್ರೋಪ್ಲೇಷಿಯಾಗೆ ಬೇರೆಯದೇ ಬೆಳವಣಿಗೆಯ ಪಟ್ಟಿ ಇದೆ. ಎತ್ತರ, ತೂಕ, ತಲೆಸುತ್ತಳತೆಗೂ ಬೇರೆ ಚಾರ್ಟ್ ಇದೆ. ಮನೆಯ ಹತ್ತಿರದ ಡಾಕ್ಟರು ಅಳೆದ ತಲೆಸುತ್ತಳತೆಗಳನ್ನೆಲ್ಲ ತಾರೀಖಿನ ಸಮೇತ ಬರೆದುಕೊಂಡು ಹೋಗಿ. ಒಂದು ಅಳತೆಯಿಂದ ಏನೂ ಗೊತ್ತಾಗುವುದಿಲ್ಲ, ಸಾಲು ನೋಡಿದರೆ ತಲೆ ಹೇಗೆ ಬೆಳೆಯುತ್ತಿದೆ ಎಂದು ತಿಳಿಯುತ್ತದೆ.

ಹೊಂಗೆನೆರಳು:

ಒಂದು ಬೇರೆ ಮಾತು ಹೇಳಲಾ? ಅಷ್ಟು ದೂರ ಹೋಗಲೇಬೇಕಾ? ನಾವು ಹೆಚ್ಚಿನದನ್ನೆಲ್ಲ ವಿಡಿಯೋ ಕರೆಯಲ್ಲೇ ಮುಗಿಸುತ್ತೇವೆ. ಎಕ್ಸ್‌ರೇ, ರಕ್ತ ಎಲ್ಲ ಇಲ್ಲೇ ಮಾಡಿಸಿ ಕಳಿಸುತ್ತೇವೆ. ಮಗುವಿಗೂ ಸುಖ, ನಮಗೂ ಸುಖ.

ಗುಬ್ಬಚ್ಚಿ_ಅಪ್ಪ:

ನೀವು ಹೇಳುವುದರಲ್ಲಿ ಅರ್ಧ ನಿಜ. ಕಿವಿ ಪರೀಕ್ಷೆ, ಎಕ್ಸ್‌ರೇ, ತೂಕ, ಅಳತೆ ಎಲ್ಲ ಹತ್ತಿರದಲ್ಲೇ ಆಗಲಿ. ವರದಿ ಕೇಳಿ ಮಾತಾಡುವುದಕ್ಕೂ ವಿಡಿಯೋ ಸಾಕು. ಆದರೆ ನರದ ಪರೀಕ್ಷೆ ಕೈಯಿಂದಲೇ ಆಗಬೇಕು. ಪಾದವನ್ನು ಮೇಲಕ್ಕೆ ತಟ್ಟಿ ಅದು ಅದುರುತ್ತದಾ ನೋಡುವುದು, ಮೊಣಕಾಲು ತಟ್ಟುವುದು, ಕೈಕಾಲಿನ ಬಲ ನೋಡುವುದು ಫೋನಿನಲ್ಲಿ ಆಗದು. ಮೆದುಳಬಳ್ಳಿ ಒತ್ತಿಕೊಳ್ಳುತ್ತಿದ್ದರೆ ಮೊದಲು ಗೊತ್ತಾಗುವುದು ಕೆಲವೊಮ್ಮೆ ಅಲ್ಲೇ. ಗೊರಕೆ ಜೋರು ಇರುವ, ಇನ್ನೂ ಎರಡು ತುಂಬದ ಮಗು. ಇವರು ಹೋಗಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹೊಂಗೆನೆರಳು:

ಒಪ್ಪಿದೆ. ನನ್ನ ಮಗನಿಗೆ ಆರು ತುಂಬಿದೆ, ಮೊದಲ ವರ್ಷಗಳಲ್ಲಿ ನಾವೂ ಹೋಗಿಬಂದವರೇ. ಎರಡು ವರ್ಷದ ಮಗುವಿಗೆ ನಾನು ಹೇಳಿದ ದಾರಿ ಹೊಂದುವುದಿಲ್ಲ.

ಇಎನ್‌ಟಿ_ನರ್ಸ್:

ವಿಮಾನದ ಬಗ್ಗೆ ಕೇಳಿದ್ದರು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ಇರುತ್ತದೆ. ನಮಗೆ ಗೊತ್ತಾಗುವುದಿಲ್ಲ. ಆದರೆ ಎದೆಗೂಡು ಚಿಕ್ಕದಿರುವ, ನಿದ್ದೆಯಲ್ಲಿ ಆಕ್ಸಿಜನ್ ಇಳಿಯುವ ಮಗುವಿಗೆ ಅದು ಸಣ್ಣ ವಿಷಯವಲ್ಲ. ಮನೆಯಲ್ಲಿ ಆಕ್ಸಿಜನ್ ಅಥವಾ ಸಿಪ್ಯಾಪ್ (ನಿದ್ದೆಯಲ್ಲಿ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಇದ್ದರೆ, ಇಲ್ಲವೇ ನಿದ್ರೆಯ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ, ಹೊರಡುವ ಮೊದಲು ಡಾಕ್ಟರ ಹತ್ತಿರ ವಿಮಾನ ಹತ್ತಬಹುದಾ ಎಂದು ಕೇಳಿ, ಬರೆಸಿಕೊಳ್ಳಿ.

ಕಿವಿಯಲ್ಲಿ ನೀರಿದ್ದು ಶೀತವೂ ಇದ್ದರೆ ವಿಮಾನ ಇಳಿಯುವಾಗ ನೋವು ಬರಬಹುದು. ಇಳಿಯಲು ಶುರುವಾದಾಗ ಎಬ್ಬಿಸಿ ಕುಡಿಯಲು ಕೊಡಿ. ನುಂಗಿದಾಗ ಕಿವಿ ತೆರೆದುಕೊಳ್ಳುತ್ತದೆ. ಕಿವಿಗೆ ಟ್ಯೂಬ್ ಹಾಕಿಸಿದ್ದರೆ ಹೆದರಬೇಡಿ, ಒತ್ತಡ ಅದರ ಮೂಲಕವೇ ಸಮವಾಗುತ್ತದೆ, ಆ ಮಕ್ಕಳಿಗೆ ವಿಮಾನ ಇನ್ನೂ ಸುಲಭ.

ಇನ್ನೊಂದು. ಜ್ವರ, ಕೆಮ್ಮು, ಮೂಗು ಕಟ್ಟಿದ್ದರೆ ಅರಿವಳಿಕೆ ಮುಂದೂಡುತ್ತಾರೆ. ನಿದ್ರೆಯ ಪರೀಕ್ಷೆಯ ಫಲಿತಾಂಶವೂ ಕೆಟ್ಟದಾಗಿ ಬರುತ್ತದೆ. ಹೊರಡುವ ಹಿಂದಿನ ದಿನ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ. ದಿನಾಂಕ ಬದಲಿಸಬಹುದಾದ ಟಿಕೆಟ್ಟೇ ತೆಗೆದುಕೊಳ್ಳಿ.

ತಿಳಿಮುಗಿಲು:

ಟಿಕೆಟ್ ಅಂದಾಗ ನೆನಪಾಯಿತು. ಎರಡು ತುಂಬುವ ತನಕ ಮಡಿಲಲ್ಲಿ ಕೂರಿಸಬಹುದು, ಆಮೇಲೆ ಸ್ವಂತ ಸೀಟು ಬೇಕು. ಹೋಗುವಾಗ ಎರಡು ತುಂಬಿರದೆ, ಬರುವಷ್ಟರಲ್ಲಿ ತುಂಬಿದರೆ ಬರುವಾಗ ಸೀಟು ಬೇಕಾಗುತ್ತದೆ. ನೋಡಿದರೆ ಒಂದು ವರ್ಷದ ಮಗು ಅನ್ನಿಸುತ್ತದೆ, ಹಾಗಾಗಿ ಸಿಬ್ಬಂದಿ ಪದೇ ಪದೇ ಕೇಳುತ್ತಾರೆ. ಜನನ ಪ್ರಮಾಣಪತ್ರ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಎರಡು ತುಂಬದಿದ್ದರೂ ಅವಳಿಗೆ ಸೀಟು ತೆಗೆದು, ವಿಮಾನಕ್ಕೆ ಒಪ್ಪಿಗೆ ಇರುವ ಕಾರ್ ಸೀಟನ್ನೇ ಕಟ್ಟಿಸಿ. ಒಪ್ಪಿಗೆ ಇದ್ದರೆ ಸೀಟಿನ ಚೀಟಿಯಲ್ಲಿ ಬರೆದಿರುತ್ತದೆ. ಕಿಟಕಿ ಪಕ್ಕದ ಜಾಗ ಕೇಳಿ. ವಿಮಾನದ ಬೆಲ್ಟಿಗೆ ಸಿಕ್ಕಿಸುವ ಹಾರ್ನೆಸ್ ಅಂತ ಸಿಗುತ್ತದೆ, ಆದರೆ ಅದು 10 ಕೆಜಿ ಮೇಲಿನ ಮಕ್ಕಳಿಗೆ, ಮತ್ತೆ ಮಗು ತಾನೇ ನೆಟ್ಟಗೆ ಕೂರುವಂತಿರಬೇಕು. ನಿಮ್ಮ ಮಗಳಿಗೆ ಈಗ ಆಗುವುದಿಲ್ಲ.

ಮಲ್ಲಿಗೆಬಳ್ಳಿ:

ಇಲ್ಲಿ ಎಲ್ಲರೂ ಅಕಾಂಡ್ರೋಪ್ಲೇಷಿಯಾ ಬಗ್ಗೆ ಮಾತಾಡುತ್ತಿದ್ದಾರೆ. ಓದುವ ಬೇರೆ ಅಪ್ಪ-ಅಮ್ಮಂದಿರಿಗಾಗಿ ಹೇಳುತ್ತೇನೆ: ಕುಬ್ಜತೆಗೆ ಕಾರಣವಾಗುವ ಮೂಳೆಯ ಸ್ಥಿತಿಗಳು ನೂರಾರು ಇವೆ. ಎಲ್ಲಕ್ಕೂ ಒಂದೇ ಸಲಹೆ ಹೊಂದುವುದಿಲ್ಲ. ನನ್ನ ಮಗಳಿಗಿರುವುದು ಎಸ್‌ಇಡಿ ಕಾಂಜೆನಿಟಾ. ಇದರಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಜೋಡಣೆ ಸಡಿಲ ಇರಬಹುದು. ಮಾರ್ಕ್ವಿಯೋ ಎಂಬ ಇನ್ನೊಂದು ಸ್ಥಿತಿ ಇರುವ ಮಕ್ಕಳಿಗೂ ಹಾಗೇ. ಅಂಥವರು ಪ್ರಯಾಣಕ್ಕೆ ಮೊದಲೇ ಕತ್ತಿನ ಎಕ್ಸ್‌ರೇ ತೋರಿಸಿ, ಕಾರಿನ ಪ್ರಯಾಣ ಹೇಗೆ ಎಂದು ಕೇಳಿಕೊಳ್ಳಬೇಕು. ಎಸ್‌ಇಡಿಯಲ್ಲಿ ಕಣ್ಣಿನ ರೆಟಿನಾ ಕಳಚುವ ಅಪಾಯವೂ ಇದೆ, ಹಾಗಾಗಿ ನಮ್ಮ ಪಟ್ಟಿಯಲ್ಲಿ ಕಣ್ಣಿನ ಡಾಕ್ಟರು ಮೊದಲು. ಮಗುವಿಗೆ ಇರುವುದು ಯಾವುದು ಎಂದು ಖಚಿತವಾದ ಹೆಸರು ಪತ್ರದಲ್ಲಿ ಇರಲಿ. ಸುಮ್ನೆ "ಕುಳ್ಳಗಿದೆ" ಎಂದು ಬರೆದ ಪತ್ರ ಯಾರಿಗೂ ಉಪಯೋಗವಿಲ್ಲ.

ನೀಲಿಸೈಕಲ್:

ನಾನು ಡಾಕ್ಟರಲ್ಲ, ಅಪ್ಪ-ಅಮ್ಮನೂ ಅಲ್ಲ. ನನಗೇ ಅಕಾಂಡ್ರೋಪ್ಲೇಷಿಯಾ ಇದೆ. ಚಿಕ್ಕಂದಿನಲ್ಲಿ ಹೀಗೇ ಆಸ್ಪತ್ರೆಗಳಿಗೆ ಹೋಗುತ್ತಿದ್ದೆ. ಈ ಚರ್ಚೆಯಲ್ಲಿ ಮಗುವಿನ ಕಡೆಯಿಂದ ಒಬ್ಬರು ಮಾತಾಡಲಿ ಎಂದು ಬರೆಯುತ್ತಿದ್ದೇನೆ.

ದೊಡ್ಡ ಆಸ್ಪತ್ರೆಗಳಲ್ಲಿ ಕಲಿಯುವ ವಿದ್ಯಾರ್ಥಿಗಳು ಇರುತ್ತಾರೆ. ಅಪರೂಪದ ಸ್ಥಿತಿ ಅಂದರೆ ಹತ್ತು ಜನ ಒಟ್ಟಿಗೆ ಕೋಣೆಗೆ ಬರುತ್ತಾರೆ. ಬಟ್ಟೆ ಬಿಚ್ಚಿಸಿ ನಿಲ್ಲಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಅವರು ಕಲಿಯಬೇಕು, ನಿಜ. ಆದರೆ ನಿಮ್ಮನ್ನು ಕೇಳಿಯೇ ಮಾಡಬೇಕು. ಬೇಡ ಅನ್ನುವ ಹಕ್ಕು ನಿಮಗಿದೆ. ಇಬ್ಬರು ಸಾಕು, ಫೋಟೋ ಬೇಡ, ಅಗತ್ಯವಿದ್ದಷ್ಟೇ ಬಟ್ಟೆ ತೆಗೆಯಿರಿ ಎಂದು ಮೆತ್ತಗೆ, ಗಟ್ಟಿಯಾಗಿ ಹೇಳಿ. ಹಾಗೆ ಹೇಳಿದ್ದಕ್ಕೆ ಚಿಕಿತ್ಸೆ ಕಡಿಮೆಯಾಗುವುದಿಲ್ಲ. ಎರಡು ವರ್ಷದ ಮಗುವಿಗೆ ಏನು ತಿಳಿಯುತ್ತದೆ ಅನ್ನಬೇಡಿ. ತನ್ನ ದೇಹ ತನ್ನದು, ಅಮ್ಮ ನನ್ನ ಪರವಾಗಿ ಮಾತಾಡುತ್ತಾಳೆ ಎಂಬುದು ಅದಕ್ಕೆ ತಿಳಿಯುತ್ತದೆ.

ಡಾಕ್ಟರ ಹತ್ತಿರ ಮಗುವಿನ ಎದುರೇ "ಇವಳು ಬೆಳೆಯುವುದೇ ಇಲ್ವಾ", "ಇವಳ ಗತಿ ಏನು" ಎಂದು ಕೇಳಬೇಡಿ. ಇಬ್ಬರು ದೊಡ್ಡವರು ಜೊತೆಗೆ ಹೋಗಿ, ಒಬ್ಬರು ಮಗುವನ್ನು ಹೊರಗೆ ಆಡಿಸಲಿ, ಇನ್ನೊಬ್ಬರು ಕಷ್ಟದ ಪ್ರಶ್ನೆ ಕೇಳಲಿ. ಹೋಗುವ ಮೊದಲು ನಡೆಯುವುದನ್ನು ಚಿಕ್ಕ ಮಾತಿನಲ್ಲಿ ಹೇಳಿ. ಸೂಜಿ ಇದ್ದರೆ ಸೂಜಿ ಇದೆ ಅನ್ನಿ. "ಏನೂ ಆಗಲ್ಲ" ಎಂದು ಹೇಳಿ ಚುಚ್ಚಿಸಿದರೆ ಮುಂದಿನ ಸಲ ಆಸ್ಪತ್ರೆಯ ಬಾಗಿಲಲ್ಲೇ ಅಳು.

ಸೂಜಿಯ ಮಾತು ಬಂತು. ನಮ್ಮಂಥವರ ಕೈ ದುಂಡಗೆ, ಮಡಿಕೆ ಜಾಸ್ತಿ, ರಕ್ತನಾಳ ಸಿಗುವುದು ಕಷ್ಟ. ಅನುಭವ ಇರುವವರೇ ಚುಚ್ಚಲಿ ಎಂದು ಮೊದಲೇ ಕೇಳಿ. ಮರಗಟ್ಟಿಸುವ ಕ್ರೀಮ್ ಹಚ್ಚಿಸಿ, ಅದು ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು. ಬಿಪಿ ನೋಡುವ ಪಟ್ಟಿಯೂ ತೋಳಿಗೆ ಸರಿಹೊಂದುವ ಅಳತೆಯದ್ದೇ ಇರಬೇಕು, ಇಲ್ಲದಿದ್ದರೆ ಅಂಕಿ ತಪ್ಪು ಬರುತ್ತದೆ.

ದಾರಿಯಲ್ಲಿ ಜನ ನೋಡುತ್ತಾರೆ. ಮೊಬೈಲ್ ಎತ್ತುತ್ತಾರೆ. ಅಂಥವರಿಗೆಲ್ಲ ಉತ್ತರ ಕೊಡುತ್ತಾ ಕೂರಬೇಡಿ. ಮಗುವಿನ ಜೊತೆ ಮಾತು ಮುಂದುವರಿಸಿ. ಫೋಟೋ ತೆಗೆದವರಿಗೆ ಮಾತ್ರ ಅಳಿಸಿ ಎಂದು ನೇರವಾಗಿ ಹೇಳಿ.

ಮೊದಲಸಲ_ಅಮ್ಮ:

ನೀಲಿಸೈಕಲ್ ಅವರೇ, ನಿಮ್ಮ ಬರಹ ನನ್ನ ಗಂಡನಿಗೂ ಓದಿ ಹೇಳಿದೆ. ನಾವಿಬ್ಬರೂ ಹೋಗುತ್ತಿದ್ದೇವೆ. ಫಿಸಿಯೋ ಅಕ್ಕ, ಸ್ಟ್ರಾಲರ್ ಬದಲಿಸುತ್ತೇವೆ. ನಿದ್ರೆಯ ಪರೀಕ್ಷೆ ಆಗದೆ ವಿಮಾನ ಬೇಡ, ಕಾರಿನಲ್ಲೇ ಎರಡು ದಿನ ಮಾಡಿಕೊಂಡು ಹೋಗಿ ಎಂದು ನಮ್ಮ ಡಾಕ್ಟರೂ ಹೇಳಿದರು. ಪರೀಕ್ಷೆಗಳ ಸರದಿಯನ್ನು ಆಸ್ಪತ್ರೆಗೆ ಬರೆದು ಕೇಳಿದ್ದೇವೆ, ನಿದ್ರೆ, ಎಂಆರ್‌ಐ, ಆಮೇಲೆ ಡಾಕ್ಟರು ಎಂದು ಒಪ್ಪಿದ್ದಾರೆ.

ಇನ್ನೆರಡು ಪ್ರಶ್ನೆ. ದಾರಿಯಲ್ಲಿ ಏನಾದರೂ ಆದರೆ ಏನನ್ನು ಗಮನಿಸಬೇಕು? ಮತ್ತೆ, ಅಲ್ಲಿ ದಿನಾ ಕೊಡುವ ಇಂಜೆಕ್ಷನ್ ಬಗ್ಗೆ ಮಾತಾಡುತ್ತಾರಂತೆ. ಶುರು ಮಾಡಿದರೆ ಬರುವಾಗ ಹೇಗೆ ತರುವುದು?

ಇಎನ್‌ಟಿ_ನರ್ಸ್:

ನಿದ್ದೆಯಲ್ಲಿ ಉಸಿರು ನಿಲ್ಲುವುದು, ತುಟಿ ನೀಲಿಯಾಗುವುದು, ಕೈಕಾಲಿನ ಬಲ ತಟ್ಟನೆ ಕಡಿಮೆಯಾಗುವುದು, ಮೊದಲು ಮಾಡುತ್ತಿದ್ದದ್ದನ್ನು ಈಗ ಮಾಡಲಾಗದಿರುವುದು, ನುಂಗಲು ಹೊಸದಾಗಿ ಕಷ್ಟವಾಗುವುದು. ನೆತ್ತಿ ಉಬ್ಬಿ, ವಾಂತಿಯಾಗಿ, ಎಬ್ಬಿಸಿದರೂ ಏಳದಷ್ಟು ಮಂಕಾಗುವುದು. ಇದರಲ್ಲಿ ಒಂದು ಕಂಡರೂ ದೊಡ್ಡ ಆಸ್ಪತ್ರೆ ತಲುಪೋಣ ಎಂದು ಕಾಯಬೇಡಿ. ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ.

ಅಲ್ಲಿಯವರಿಗೆ ಈ ಸ್ಥಿತಿ ಗೊತ್ತಿರದೆ ಇರಬಹುದು. ಅದಕ್ಕೇ ಒಂದು ಪುಟದ ಪತ್ರ ಡಾಕ್ಟರ ಸಹಿಯೊಂದಿಗೆ ಕಾರಿನಲ್ಲಿ ಇರಲಿ. ರೋಗದ ಹೆಸರು, ತೂಕ, ಔಷಧಗಳು, ಮತ್ತೆ ದಪ್ಪ ಅಕ್ಷರದಲ್ಲಿ ಈ ಸಾಲು: ಉಸಿರಿನ ಕೊಳವೆ ಹಾಕುವಾಗ ಕತ್ತನ್ನು ಹಿಂದಕ್ಕೆ ಬಗ್ಗಿಸಬೇಡಿ. ಔಷಧದ ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ ಎಂದೂ ಬರೆಸಿ.

ಗುಬ್ಬಚ್ಚಿ_ಅಪ್ಪ:

ಇಂಜೆಕ್ಷನ್ ಅಂದರೆ ವೊಸೊರಿಟೈಡ್ ಇರಬೇಕು, ಮೂಳೆ ಬೆಳೆಯಲು ನೆರವಾಗುವ ಔಷಧ. ಅಮೆರಿಕ, ಯುರೋಪ್‌ಗಳಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು, 2023ರಲ್ಲಿ ಅಮೆರಿಕದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೂ ವಿಸ್ತರಿಸಿದರು. ದಿನಕ್ಕೊಮ್ಮೆ ಚರ್ಮದ ಕೆಳಗೆ ಕೊಡುವುದು. ಕೊಡಿಸಬೇಕಾ ಬೇಡವಾ ಎನ್ನುವುದು ನೀವಿಬ್ಬರೂ ಡಾಕ್ಟರ ಜೊತೆ ಕೂತು ನಿರ್ಧರಿಸುವ ವಿಷಯ, ಅಲ್ಲೇ ಆ ದಿನವೇ ಹೌದು ಅನ್ನಬೇಕಿಲ್ಲ.

ತರುವ ಬಗ್ಗೆ: ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಬಾರದು. ನೀರು ಬೆರೆಸದ ಪುಡಿಯ ಸೀಸೆಯನ್ನು ಕೋಣೆಯ ತಾಪದಲ್ಲಿ 90 ದಿನದವರೆಗೆ ಇಡಬಹುದು, ಆದರೆ ಹೊರಗೆ ತೆಗೆದ ತಾರೀಖು ಡಬ್ಬದ ಮೇಲೆ ಬರೆಯಿರಿ, ಮತ್ತೆ ಫ್ರಿಜ್‌ಗೆ ಹಾಕಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಲೇಬಾರದು. ನೀರು ಬೆರೆಸಿದ ಮೇಲೆ 3 ಗಂಟೆಯೊಳಗೆ ಕೊಡಬೇಕು. ಕೊಟ್ಟ ಮೇಲೆ ಸ್ವಲ್ಪ ಹೊತ್ತು ಬಿಪಿ ಇಳಿಯಬಹುದು, ಅದಕ್ಕೇ ಮೊದಲು ಚೆನ್ನಾಗಿ ತಿನ್ನಿಸಿ, ಕುಡಿಸಿ. ಕಾರು ಓಡುತ್ತಿರುವಾಗ ಬೇಡ, ತಂಗುವ ಜಾಗದಲ್ಲೇ ಕೊಡಿ.

ತಿಳಿಮುಗಿಲು:

ನಿದ್ರೆಯ ಪರೀಕ್ಷೆಯಾದ ಮೇಲೆ ಸಿಪ್ಯಾಪ್ ಕೊಟ್ಟು ಕಳಿಸಿದರೆ ಇದನ್ನೂ ಸೇರಿಸಿಕೊಳ್ಳಿ. ಹೊರಡುವ ಮೊದಲು ಅದರ ನೀರಿನ ಡಬ್ಬಿ ಖಾಲಿ ಮಾಡಿ, ಒರೆಸಿ. ನೀರಿದ್ದರೆ ಅಲುಗಾಡಿ ಯಂತ್ರದೊಳಗೆ ಹೋಗುತ್ತದೆ. ಮಾಸ್ಕ್‌ನ ಅಳತೆ ಮತ್ತು ಯಂತ್ರದಲ್ಲಿ ಇಟ್ಟಿರುವ ಒತ್ತಡದ ಅಂಕಿ ಎರಡನ್ನೂ ಆ ಒಂದು ಪುಟದ ಪತ್ರದಲ್ಲೇ ಬರೆಸಿ. ದಾರಿಯಲ್ಲಿ ರಾತ್ರಿ ತಂಗುವ ಕೋಣೆಯಲ್ಲಿ ಹಾಸಿಗೆಯ ಹತ್ತಿರ ಪ್ಲಗ್ ಇದೆಯಾ ಎಂದು ಫೋನಿನಲ್ಲೇ ಕೇಳಿಕೊಳ್ಳಿ, ಉದ್ದ ವಯರಿನ ಎಕ್ಸ್‌ಟೆನ್ಶನ್ ಬೋರ್ಡ್ ಒಂದು ಇಟ್ಟುಕೊಳ್ಳಿ.